ಎತ್ತಿನ ಗಾಡಿಯಲ್ಲಿ ಬಂದ ಹಸೆಗೋಡೆ

ಶರಾವತಿಯಂಥ ಶರಾವತಿಯನ್ನೇ ಲಿಂಗನಮಕ್ಕಿಯಲ್ಲಿ ಕಟ್ಟಿ ನಿಲ್ಲಿಸಿದ ಸರ್ಕಾರಕ್ಕೆ ಮಾವಿನಜಡ್ಡಿನ ದುಗ್ಗಮ್ಮನ ಬಾಯಿಗೊಂದು ಕಟ್ಟೆ ಕಟ್ಟುವ ಯೋಜನೆ ಹೊಳೆಯಲೇ ಇಲ್ಲ. ಹೊಳೆದಿದ್ದರೂ ಸರ್ವೆ ಮಾಡಲು ಬಂದ ಎಂಜಿನಿಯರು ಊಟದ ಹೊತ್ತಿಗಿಂತ ಮೊದಲೇ ಸಾಗರದ ಬಸ್ಸು ಹತ್ತಿರುತ್ತಿದ್ದ. ದುಗ್ಗಮ್ಮ ಬಯ್ಯಲು ಶುರುಮಾಡಿದರೆ ಅಂಗಳದ ಮರದ ಕಾಗೆಗಳು ಎದ್ದು ಪಕ್ಕದ ಊರಿಗೆ ಹೋಗಿ ಕೂರುತ್ತಿದ್ದವಂತೆ. ಕೊಡಚಾದ್ರಿಯಿಂದ ಇಳಿದು ನಿಟ್ಟೂರು ಕಡೆ ದನ ಹಿಡಿಯಲು ಬರುತ್ತಿದ್ದ ಹುಲಿಯೊಂದು ಒಂದು ದಿನ ಅವಳ ಮನೆಯ ಹಿಂದಿನಿಂದ ಹಾದುಹೋಗುವಾಗ, ಅವಳು ಅದನ್ನು ನಾಯಿ ಎಂದುಕೊಂಡು ಬಯ್ದಳಂತೆ. ಆ ಹುಲಿ ಅಂದಿನಿಂದ ದಾರಿ ಬದಲಿಸಿದ್ದಷ್ಟೇ ಅಲ್ಲ, ಸಸ್ಯಾಹಾರಿಯಾಯಿತು ಎಂದು ಹೇಳುವವರೂ ಇದ್ದರು. ನಾನು ಅಷ್ಟು ದೂರ ಹೋಗುವುದಿಲ್ಲ. ದಾರಿ ಬದಲಿಸಿದ್ದನ್ನು ಮಾತ್ರ ನಂಬುತ್ತೇನೆ.

ಆದರೆ ದುಗ್ಗಮ್ಮ ಸುಮ್ಮಸುಮ್ಮನೆ ಬಯ್ಯುವವಳಲ್ಲ ಎಂಬುದನ್ನು ಅವಳ ಶತ್ರುಗಳೂ ಒಪ್ಪುತ್ತಿದ್ದರು. ಗದ್ದೆ ನೆಡುವಾಗ ಅವಳು ಮೌನಿ. ಹೊಸನಗರದ ಸಂತೆಯಲ್ಲಿ ಚೌಕಾಸಿ ಮಾಡುವಾಗಲೂ ಮಾತು ಕಡಿಮೆ. ಅವಳ ನಾಲಿಗೆ ಎಚ್ಚರಗೊಳ್ಳುತ್ತಿದ್ದದ್ದು ಕೈಯಲ್ಲಿ ಪುಂಡಿ ನಾರಿನ ಕುಂಚ ಹಿಡಿದಾಗ. ಗೋಡೆಯ ಮೇಲೆ ಒಂದು ಗೆರೆಗೆ ಒಂದು ಬೈಗುಳ, ಜೋಡಿ ಗೆರೆಗೆ ಜೋಡಿ ಬೈಗುಳ. ಮೂಲೆ ತಿರುಗಿಸುವ ಕಡೆ ಬೈಗುಳ ಬಯ್ಸಿಕೊಂಡವನ ಅಜ್ಜನವರೆಗೂ ಹೋಗಿ ತಿರುಗಿ ಬರುತ್ತಿತ್ತು.

ನಮ್ಮ ಕಡೆಯ ದೀವರ ಮನೆಗಳಲ್ಲಿ ಮದುವೆ ಎಂದರೆ ಮೊದಲು ಗೋಡೆ. ಕೆಮ್ಮಣ್ಣು ಸಾರಿಸಿದ ಗೋಡೆಯ ಮೇಲೆ ಅಕ್ಕಿ ಅರೆದ ಬಿಳಿ ಬಣ್ಣದಿಂದ ಚಿತ್ತಾರ ಬರೆದು, ಅದರ ಮುಂದೆ ಮದುಮಕ್ಕಳನ್ನು ಹಸೆಗೆ ಕೂರಿಸಬೇಕು. ಎಲ್ಲ ಮನೆಯಲ್ಲೂ ಬರೆಯುವ ಹೆಂಗಸರಿದ್ದರು. ಆದರೆ ದುಗ್ಗಮ್ಮ ಬರೆದ ಗೋಡೆ ಬೇರೆಯೇ. ಅವಳ ಗೆರೆ ಕೂದಲಿನಷ್ಟು ತೆಳು, ದಾರ ಹಿಡಿದಷ್ಟು ನೇರ. ಚೌಕಟ್ಟಿನೊಳಗೆ ದಂಡಿಗೆ ಎಂಬ ಪಲ್ಲಕ್ಕಿ, ದಂಡಿಗೆಯೊಳಗೆ ಬಾಸಿಂಗ ಕಟ್ಟಿದ ಎರಡು ಗೊಂಬೆ. ಆ ಗೊಂಬೆಗಳಿಗೆ ಅವಳು ಕಣ್ಣು ಮೂಗು ಬರೆಯುತ್ತಿರಲಿಲ್ಲ. ಆದರೂ ಹೆಣ್ಣಿಗೆ ನಾಚಿಕೆಯಾಗಿದೆ, ಗಂಡಿಗೆ ಹಸಿವಾಗಿದೆ ಎಂದು ನೋಡಿದವರಿಗೆ ಗೊತ್ತಾಗುತ್ತಿತ್ತು.

ಇಂಥ ಗೋಡೆಗಾಗಿ ಜನ ಎಷ್ಟು ಸಹಿಸಿಕೊಂಡರೆಂದರೆ, ಅದರ ಮುಂದೆ ಪುರಾಣದ ತಪಸ್ವಿಗಳು ಅಂಗನವಾಡಿ ಮಕ್ಕಳು. ಮದುಮಗನ ಮೂಗನ್ನು ಕುರಿತು ಅವಳು ಆಡಿದ ಮಾತು ಆ ಮದುಮಗನಿಗೆ ಮೂರು ಮಕ್ಕಳಾದ ಮೇಲೂ ಊರಲ್ಲಿ ಓಡಾಡುತ್ತಿತ್ತು. ರಾಮಚಂದ್ರಪ್ಪ ಎಂಬ ಗೃಹಸ್ಥ ತನ್ನ ಮನೆಯ ಮದುವೆಗೆ ಉಪಾಯ ಹೂಡಿ, ಬಣ್ಣದ ಬಟ್ಟಲು ಹಿಡಿದುಕೊಳ್ಳಲು ಪೂರ್ತಿ ಕಿವುಡಿಯಾದ ತನ್ನ ಅಜ್ಜಿಯನ್ನು ಕೂರಿಸಿದ. ದುಗ್ಗಮ್ಮ ಎರಡು ಗೆರೆ ಎಳೆಯುವಷ್ಟರಲ್ಲಿ ವಿಷಯ ತಿಳಿದುಕೊಂಡಳು. ಮೂರನೆಯ ಗೆರೆಯಿಂದ ಎಡಗೈಯಲ್ಲಿ ಸನ್ನೆ ಮಾಡಿ ಬಯ್ಯತೊಡಗಿದಳು. ಆ ಅಜ್ಜಿ ಸಂಜೆ ಮಗನನ್ನು ಕರೆದು, "ನಿನ್ನಪ್ಪನೂ ನನ್ನ ಹಿಂಗೆ ಬಯ್ದಿರ್ಲಿಲ್ಲ ಕಣೋ" ಎಂದು ಅತ್ತಳು.

ಇವೆಲ್ಲ ಬರೀ ಬೈಗುಳ. ಬೈಗುಳ ಒರೆಸಿಕೊಂಡರೆ ಹೋಗುತ್ತದೆ. ಆದರೆ ಒಂದು ಸಲ ದುಗ್ಗಮ್ಮ ಬಯ್ಯಲಿಲ್ಲ, ಮಾತಾಡಿದಳು. ಅದು ಒರೆಸಿ ಹೋಗಲಿಲ್ಲ.

ಕಲ್ಲುಕೊಪ್ಪದ ಸೀತಾರಾಮಪ್ಪನವರು ಪ್ರೈಮರಿ ಶಾಲೆಯ ಮೇಷ್ಟ್ರು. ದುಗ್ಗಮ್ಮನಿಗೆ ಚಿಕ್ಕಮ್ಮನ ಮಗ, ವರಸೆಯಲ್ಲಿ ತಮ್ಮ. ಮೂವತ್ತು ವರ್ಷದ ನೌಕರಿಯಲ್ಲಿ ಒಬ್ಬ ಹುಡುಗನಿಗೂ ಗದರದವರು. ಬೆಂಚಿನ ಮೇಲೆ ನಿಲ್ಲಿಸಬೇಕಾದ ಹುಡುಗನಿಗೆ "ಸ್ವಲ್ಪ ಹತ್ತಿ ನಿಲ್ತೀಯೇನಪ್ಪ" ಎಂದು ಕೇಳುವವರು. ಎಪ್ಪತ್ತಾರನೇ ಇಸವಿಯಲ್ಲಿ ಅವರ ಮಗಳು ಸರೋಜಳಿಗೆ ತೀರ್ಥಹಳ್ಳಿ ಕಡೆಯ ಒಂದು ಸಂಬಂಧ ಗೊತ್ತಾಗಿತ್ತು. ಅದೇ ಮನೆಯ ಹಿರಿಯ ಮಗನ ಮದುವೆಗೆ ಹಸೆ ಬರೆಯಲು ಹೋಗಿದ್ದ ದುಗ್ಗಮ್ಮನನ್ನು ಅಲ್ಲಿಯ ಹೆಂಗಸರು, "ಸರೋಜ ನಿಮ್ಮ ತಮ್ಮನ ಮಗಳಂತಲ್ಲ, ಮನೆ ಹ್ಯಾಂಗೆ?" ಎಂದು ಕೇಳಿದರು.

ದುಗ್ಗಮ್ಮ ಗೋಡೆಯಿಂದ ಕಣ್ಣು ತೆಗೆಯದೆ, "ಹುಡುಗಿ ಬಂಗಾರ. ಮನೆ ಎಂತದೂ ತೊಂದ್ರೆ ಇಲ್ಲ. ಊಟಕ್ಕೆ ಕೂತಾಗ ಸಾರು ಮಾತ್ರ ಒಂದೇ ಸಲ" ಎಂದಳು.

ಅಷ್ಟೇ. ಹುಡುಗಿಗೆ ಮೂರ್ಛೆ ಬರುತ್ತದೆ ಎಂದಿದ್ದರೆ ಡಾಕ್ಟರಿಗೆ ತೋರಿಸಬಹುದಿತ್ತು. ಎರಡನೇ ಸಲ ಸಾರು ಬಡಿಸದ ಮನೆಯ ಹೆಣ್ಣನ್ನು ಯಾವ ಡಾಕ್ಟರಿಗೆ ತೋರಿಸುವುದು? ಸಂಬಂಧ ಮುರಿಯಿತು. ಮಾತು ಬಸ್ಸು ಹತ್ತಿ ಹೊಸನಗರಕ್ಕೂ ಸಾಗರಕ್ಕೂ ಹೋಯಿತು. ಸರೋಜ ಎರಡು ವರ್ಷ ಮನೆಯಲ್ಲೇ ಉಳಿದಳು.

ಸರೋಜಳ ತಾಯಿ ರಂಗಮ್ಮ ಅಂದೇ ಬಾಗಿಲಲ್ಲಿ ನಿಂತು ಶಪಥ ಮಾಡಿದರು: ತಾನು ಬದುಕಿರುವ ತನಕ ದುಗ್ಗಮ್ಮ ಈ ಹೊಸ್ತಿಲು ದಾಟಬಾರದು. ಅಂದಿನಿಂದ ಆ ಮನೆಗೆ ಊಟಕ್ಕೆ ಹೋದವರ ಗತಿ ಬೇಡ. ನಾನೇ ಕಂಡಿದ್ದೇನೆ, ಎಲೆಯ ಮೇಲೆ ಅಂಗೈ ಅಡ್ಡ ಹಿಡಿದವರ ಅಂಗೈ ಮೇಲೇ ಸಾರು ಸುರಿಯುತ್ತಿದ್ದರು.

ಎಪ್ಪತ್ತೆಂಟರ ಬೇಸಿಗೆಯಲ್ಲಿ ಸರೋಜಳಿಗೆ ತಾಳಗುಪ್ಪದ ಕಡೆಯಿಂದ ಮತ್ತೊಂದು ಸಂಬಂಧ ಕೂಡಿಬಂತು. ಹುಡುಗ ಒಳ್ಳೆಯವನು, ಮನೆಯವರು ಒಳ್ಳೆಯವರು. ಹುಡುಗನ ಅಜ್ಜಿ ಗುತ್ಯಮ್ಮ ಮಾತ್ರ ಒಂದು ಷರತ್ತು ಹಾಕಿದರು. ಗುತ್ಯಮ್ಮ ತನ್ನ ಕಾಲದಲ್ಲಿ ಹೆಸರಾದ ಚಿತ್ತಾರಗಿತ್ತಿ. ಈಗ ಕೈ ನಡುಗುತ್ತಿತ್ತು. ಸಾಗರದ ಒಂದು ಮದುವೆಯಲ್ಲಿ ದುಗ್ಗಮ್ಮನ ಗೋಡೆ ಕಂಡು, ಊಟಕ್ಕೂ ಏಳದೆ ಅದರೆದುರು ಕೂತಿದ್ದರಂತೆ. "ನನ್ನ ಮೊಮ್ಮಗ ಕೂರೋದು ಆ ಕೈಯ ಹಸೆ ಮುಂದೆ. ಮದುವೆ ಹಿಂದಿನ ದಿನವೇ ಬಂದು ನೋಡ್ತೀನಿ" ಎಂದು ಹೇಳಿ ಕಳಿಸಿದರು.

ರಂಗಮ್ಮ, "ಅವಳು ಬಂದ್ರೆ ನಾನು ತವರಿಗೆ ಹೋಗ್ತೀನಿ" ಎಂದರು.

ಸೀತಾರಾಮಪ್ಪನವರು ಮೂರು ದಿನ ಯೋಚಿಸಿ, ನಾಲ್ಕನೆಯ ದಿನ ಒಂದು ಸಿದ್ಧಾಂತದೊಂದಿಗೆ ಜಗಲಿಗೆ ಬಂದರು. ಕಲೆ ಬೇರೆ, ಕಲಾವಿದೆ ಬೇರೆ ಎಂಬುದು ಆ ಸಿದ್ಧಾಂತ.

"ನೋಡು ರಂಗ, ಹಲಸಿನ ಹಣ್ಣು ತಿನ್ನೋರು ಮೇಣ ತಿಂತಾರಾ? ಕೈಗೆ ಎಣ್ಣೆ ಹಚ್ಕೊಂಡು ತೊಳೆ ಬಿಡಿಸ್ಕೋಬೇಕು. ದುಗ್ಗಕ್ಕನ ಗೆರೆ ತೊಳೆ. ಬಾಯಿ ಮೇಣ."

"ಮೇಣ ಹತ್ತಿದ್ದು ನನ್ನ ಮಗಳಿಗೆ" ಎಂದರು ರಂಗಮ್ಮ. "ತೊಳೆ ಎಣಿಸ್ತಾ ಕೂರೋರು ನೀವು."

ಈ ಪ್ರಶ್ನೆ ಮಂಜಯ್ಯನ ಚಹಾದಂಗಡಿಗೂ ಬಂತು. ಕಲ್ಲುಕೊಪ್ಪದ ಕ್ರಾಸಿನಲ್ಲಿದ್ದ ಆ ಅಂಗಡಿಯೇ ನಮ್ಮ ಶಾಸನಸಭೆ. ದೇಶದಲ್ಲಿ ದೊಡ್ಡ ದೊಡ್ಡ ಪಕ್ಷಗಳು ಒಡೆಯುತ್ತಿದ್ದ ಕಾಲ ಅದು; ನಮ್ಮಲ್ಲೂ ಒಂದು ಗೋಡೆ ಪಕ್ಷ, ಒಂದು ಬಾಯಿ ಪಕ್ಷ ಆಯಿತು. ಗೋಡೆ ಇರುವುದು ನೂರು ಜನ ನೋಡಲಿಕ್ಕೆ, ಬಾಯಿಯನ್ನು ಯಾರು ನೋಡುತ್ತಾರೆ ಎಂದು ಒಬ್ಬರು. ಬಾಯಿ ಕೆಡಿಸಿದ್ದನ್ನು ಗೋಡೆ ಕಟ್ಟಿಕೊಡುತ್ತದೆಯೇ ಎಂದು ಇನ್ನೊಬ್ಬರು. ಮಂಜಯ್ಯ ಮಾತ್ರ ಎರಡೂ ಪಕ್ಷಕ್ಕೆ ಚಹಾ ಕೊಟ್ಟು ಪಕ್ಷಾತೀತನಾಗಿದ್ದ.

ಕೊನೆಗೆ ಸೀತಾರಾಮಪ್ಪನವರು ಸಿದ್ಧಾಂತವನ್ನು ಬಿದಿರಿನಲ್ಲಿ ಕಟ್ಟಿಸಿದರು. ದುಗ್ಗಮ್ಮ ಗೋಡೆಯ ಬಳಿಗೆ ಬರಬಾರದು ತಾನೆ? ಗೋಡೆಯೇ ದುಗ್ಗಮ್ಮನ ಬಳಿಗೆ ಹೋಗಲಿ. ಐದಡಿ ಅಗಲ, ನಾಲ್ಕಡಿ ಎತ್ತರದ ಬಿದಿರಿನ ತಟ್ಟಿ ಹೆಣೆದು, ಎರಡೂ ಕಡೆ ಮಣ್ಣು ಸಗಣಿ ಮೆತ್ತಿ, ಒಣಗಿಸಿ, ಮೇಲೆ ಕೆಮ್ಮಣ್ಣು ಸಾರಿಸಿದರು. ಜಗತ್ತಿನಲ್ಲಿ ಜನ ಕಲೆಯನ್ನೂ ಕಲಾವಿದರನ್ನೂ ಬಾಯಲ್ಲಿ ಬೇರ್ಪಡಿಸಿದ್ದುಂಟು. ನಡುವೆ ಎರಡೂವರೆ ಮೈಲಿ ಅಂತರವಿಟ್ಟು ಬೇರ್ಪಡಿಸಿದವರು ನಮ್ಮ ಮೇಷ್ಟ್ರೊಬ್ಬರೇ. ನಾಲ್ಕು ಜನ ಎತ್ತಿ ಅದನ್ನು ಪುಟ್ಟಪ್ಪನ ಎತ್ತಿನ ಗಾಡಿಗೆ ಹೇರಿದರು. ಪುಟ್ಟಪ್ಪ ಗೊಬ್ಬರ ಹೇರಿದ್ದ, ಹುಲ್ಲು ಹೇರಿದ್ದ, ಒಮ್ಮೆ ತನ್ನ ಮಾವನನ್ನು ಹೇರಿದ್ದ; ಗೋಡೆ ಹೇರಿದ್ದು ಅದೇ ಮೊದಲು.

ಅಂಗಳಕ್ಕೆ ಬಂದ ಗೋಡೆಯನ್ನು ಕಂಡು ದುಗ್ಗಮ್ಮ ಕೇಳಿದಳು: "ಎಂತದೋ ತಮ್ಮ ಇದು? ಯಾರ ಮನೆ ಕಿತ್ಕೊಂಡು ಬಂದೆ?"

"ಸರೋಜನ ಮದುವೆ ಅಕ್ಕ. ಹಸೆ ಆಗ್ಬೇಕು. ನೀನು ಅಲ್ಲಿ ತನಕ ಯಾಕೆ ನಡೀತೀಯ, ಬಿಸಿಲು. ಅದ್ಕೆ ಗೋಡೇನೇ ತಂದೆ."

ದುಗ್ಗಮ್ಮ ಗೋಡೆಯನ್ನು ನೋಡಿದಳು, ತಮ್ಮನನ್ನು ನೋಡಿದಳು. "ರಂಗಿ ಒಳಗೆ ಬಿಡಲ್ಲ ಅಂದ್ಲು ಅಂತ ಹೇಳೋಕೆ ಇಷ್ಟು ಬಿದಿರು ಕಡಿಸ್ದ್ಯಾ?" ಎಂದಳು. ಸೀತಾರಾಮಪ್ಪನವರು ತಮ್ಮ ಚಪ್ಪಲಿ ನೋಡಿಕೊಂಡರು. "ಇಳಿಸು" ಎಂದಳು.

ಮೂರು ದಿನ ಬರೆದಳು. ಬಯ್ಯಲು ಮನುಷ್ಯರು ಸಾಲದೆ ಕೋಳಿಗಳನ್ನು ಬಯ್ದಳು, ಕರುವನ್ನು ಬಯ್ದಳು, ಸೌದೆ ತರಲು ಆ ದಾರಿಯಲ್ಲಿ ಬಂದ ನೆರೆಮನೆಯವರನ್ನು ಬಯ್ದಳು. ಮದುವೆಯ ಹಿಂದಿನ ದಿನ ಬೆಳಗ್ಗೆ ಮೇಷ್ಟ್ರೂ ಪುಟ್ಟಪ್ಪನೂ ಗಾಡಿ ತಂದಾಗ ಕೊನೆಯ ಗೆರೆ ಮುಗಿದಿತ್ತು. ಪುಟ್ಟಪ್ಪ ಹೇಳುತ್ತಿದ್ದ, "ನಾನು ಎತ್ತು ಕಟ್ಟೋದು ಮರೆತು ನಿಂತೆ. ಆ ಹೆಣ್ಣು ಗೊಂಬೆ ನಮ್ಮ ಸರೋಜನೇ. ಕುತ್ತಿಗೆ ಹಂಗೇ ಒಂಚೂರು ವಾಲಿತ್ತು."

"ಬಿಳಿ ಇನ್ನೂ ಹಸಿ ಅದೆ" ಎಂದಳು ದುಗ್ಗಮ್ಮ. "ನಾನೂ ಗಾಡಿ ಹಿಂದೆ ಬರ್ತೀನಿ, ನಿಮ್ಮ ದಣಪೆವರೆಗೆ. ಒಳಗೆ ಬರಲ್ಲ."

ಬೇಲಿಬಾಗಿಲ ದಣಪೆಯವರೆಗೆ ಬಂದ ಬಾಯಿ ಅಲ್ಲೇ ನಿಲ್ಲುತ್ತದೆಂಬ ಭರವಸೆ ಮೇಷ್ಟ್ರಿಗಿರಲಿಲ್ಲ. "ಬೇಡ ಅಕ್ಕ. ನಾನಿದ್ದೀನಲ್ಲ" ಎಂದರು.

"ನಿನ್ನಿಷ್ಟ" ಎಂದು ಅವಳು ಕೈ ತೊಳೆಯಲು ಹೋದಳು.

ಗಾಡಿ ಹೊರಟಿತು. ಆ ಎರಡೂವರೆ ಮೈಲಿಯ ಯಾತ್ರೆಯನ್ನು ಹೇಗೆ ವರ್ಣಿಸಲಿ. ಹಸೆ ಎಂದರೆ ಮನೆಯೊಳಗೆ ಹೋಗಿ ನೋಡುವ ವಸ್ತು. ಅದು ತಾನಾಗಿ ರಸ್ತೆಯಲ್ಲಿ ಬರುತ್ತಿದೆಯೆಂದರೆ ಯಾರು ಸುಮ್ಮನಿರುತ್ತಾರೆ? ಮೊದಲ ತಿರುವಿನಲ್ಲೇ ಒಬ್ಬ ಮುದುಕಿ ಗಾಡಿ ನಿಲ್ಲಿಸಿದಳು. ಮೇಷ್ಟ್ರು ಕೈಮುಗಿದು, "ಅಜ್ಜಿ, ಹಸಿ ಇದೆ, ದಯವಿಟ್ಟು ಮುಟ್ಬೇಡಿ" ಎಂದರು.

"ಹಸಿ ಇದೆಯಾ?" ಎಂದು ಅಜ್ಜಿ ಬೆರಳಿಟ್ಟು ನೋಡಿದಳು. "ಹೌದು, ಹಸಿ ಇದೆ."

ಮನುಷ್ಯಜಾತಿಯ ಗುಟ್ಟು ಇದು. ದೇವರಿದ್ದಾನೆ ಎಂದರೆ ಕಾಣದೆಯೂ ನಂಬುತ್ತಾರೆ. ಬಣ್ಣ ಹಸಿ ಇದೆ ಎಂದರೆ ಮಾತ್ರ ಬೆರಳಿಟ್ಟು ನೋಡದೆ ಒಬ್ಬನೂ ನಂಬುವುದಿಲ್ಲ. ಮುಂದಿನ ಮನೆಯವರು ಬಂದರು, ಅವರ ಹಿಂದೆ ಅವರ ನೆಂಟರು ಬಂದರು. ಮೇಷ್ಟ್ರು ಪ್ರತಿಯೊಬ್ಬರಿಗೂ "ದಯವಿಟ್ಟು" ಎಂದರು. ಅವರೂ ದಯವಿಟ್ಟು ಒಂದೊಂದೇ ಬೆರಳು ಇಟ್ಟರು.

ಮಂಜಯ್ಯನ ಅಂಗಡಿಯ ಮುಂದೆ ಎತ್ತುಗಳಿಗೆ ನೀರು ಕುಡಿಸಲು ಗಾಡಿ ನಿಂತಿತು. ಗೋಡೆ ಪಕ್ಷ, ಬಾಯಿ ಪಕ್ಷ ಎರಡೂ ಭೇದ ಮರೆತು ಗಾಡಿಯ ಸುತ್ತ ನೆರೆದವು. ನಾನೂ ಇದ್ದೆ. ಬೇರೆಯವರ ವಿಷಯ ನನಗೆ ಗೊತ್ತಿಲ್ಲ. ನಾನು ಮುಟ್ಟಿದ್ದು ಅಂಚಿನಲ್ಲಿ, ಅದೂ ಕಿರುಬೆರಳಿನಲ್ಲಿ. ಹತ್ತು ನಿಮಿಷದ ಮೇಲೆ ನೋಡಿದರೆ ಅಂಗಡಿಯ ಎಲ್ಲ ಚಹಾ ಗ್ಲಾಸಿನ ಮೇಲೂ ಬಿಳಿ ಬೆರಳಿನ ಗುರುತಿತ್ತು. ನಾವು ಮಾತಾಡುತ್ತ ನಿಂತಿದ್ದಾಗ, ರಸ್ತೆಯಲ್ಲಿ ಮೇಯುತ್ತಿದ್ದ ಒಂದು ಹಸು ಹಿಂದಿನಿಂದ ಬಂದು ಗೋಡೆಗೆ ಮೂತಿ ಇಟ್ಟಿತು. ಅಕ್ಕಿ ಹಿಟ್ಟು ತಾನೆ? ಅದು ನೆಕ್ಕಿದ ರಭಸಕ್ಕೆ ಮದುಮಗ ಸೊಂಟದವರೆಗೆ ಮಾಯವಾದ. ಮೇಷ್ಟ್ರು ಹಸುವಿಗೂ "ಬೇಡಮ್ಮ, ಬೇಡಮ್ಮ" ಎನ್ನುತ್ತಿದ್ದರು.

ಗಾಡಿ ಕಲ್ಲುಕೊಪ್ಪದ ಮನೆ ಮುಟ್ಟಿದಾಗ ಹನ್ನೆರಡು ಗಂಟೆ. ಗೋಡೆಯ ಅಂಚು ನೆಟ್ಟಗಿತ್ತು. ನಡುವೆ ದಂಡಿಗೆಯಿದ್ದ ಜಾಗದಲ್ಲಿ ಒಂದು ಬಿಳಿ ಮೋಡ, ಮೋಡದ ಮೇಲೆ ಒಂದು ಬಾಸಿಂಗ. ಗುತ್ಯಮ್ಮ ಬರುವ ಬಸ್ಸು ನಾಲ್ಕು ಗಂಟೆಗೆ.

ರಂಗಮ್ಮ ಸೌಟು ಹಿಡಿದೇ ಹೊರಗೆ ಬಂದು ನೋಡಿದರು. "ಇದೇನಾ ನಿಮ್ಮ ತೊಳೆ?" ಎಂದರು ಗಂಡನಿಗೆ.

ಸರೋಜ ಅಳಲಿಲ್ಲ. ಗೋಡೆಯ ಮುಂದೆ ಕುಕ್ಕುರುಗಾಲಲ್ಲಿ ಕೂತು, ಅಳಿಸಿಹೋದ ಗೊಂಬೆಯ ಜಾಗವನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ತಾಯಿಯ ಕಡೆ ತಿರುಗಿ, "ಅವ್ವ, ಹೊಸ್ಲು ನಿಂದು. ಮದುವೆ ನಂದು. ಒಂದು ಸಂಬಂಧ ಅವರ ಮಾತಿಂದ ಹೋಯ್ತು. ಇನ್ನೊಂದು ನಿನ್ನ ಮಾತಿಂದ ಹೋಗ್ಬೇಕಾ?" ಎಂದಳು.

ರಂಗಮ್ಮ ಸೌಟನ್ನು ಗಂಡನ ಕೈಗೆ ಕೊಟ್ಟು ಗಾಡಿ ಹತ್ತಿದರು.

ದುಗ್ಗಮ್ಮ ಅಕ್ಕಿ ಕೇರುತ್ತಿದ್ದಳು. ರಂಗಮ್ಮ ಅಂಗಳದಲ್ಲೇ ನಿಂತರು. ನಡೆದದ್ದಷ್ಟನ್ನೂ ಪುಟ್ಟಪ್ಪ ಆಮೇಲೆ ಎಷ್ಟು ಸಲ ಹೇಳಿದನೆಂದರೆ, ಅಲ್ಲಿರದ ನಮಗೂ ಬಾಯಿಪಾಠವಾಗಿದೆ.

"ಅತ್ಗೆ, ಹಸೆ ಹೋಯ್ತು."

"ಹೋಗ್ತದೆ ಅಂತ ಗೊತ್ತಿತ್ತು. ನಡುವೆ ಹೋಯ್ತಾ ಅಂಚು ಹೋಯ್ತಾ?"

"ನಡುವೆ. ನೀವು ಬರ್ಬೇಕು."

"ಹೊಸ್ಲು?"

"ದಾಟಿ ಬನ್ನಿ. ಆದ್ರೆ ನನ್ನದೊಂದು ಮಾತು. ಸಾರಿನ ಸುದ್ದಿ ಆಡಿದ ಬಾಯಲ್ಲೇ ಅದನ್ನ ತಿರುಗಿ ತಗೋಬೇಕು. ಗಂಡಿನ ಕಡೆಯೋರ ಎದುರಿಗೆ."

ದುಗ್ಗಮ್ಮ ಮೊರ ಕೆಳಗಿಟ್ಟಳು. "ಆ ತೀರ್ಥಹಳ್ಳಿ ಹುಡುಗ ಕುಳ್ಳ ಕಣೆ ರಂಗಿ."

"ಕುಳ್ಳನೋ ಉದ್ದನೋ, ಬೇಡ ಅನ್ನೋಳು ನನ್ನ ಮಗಳು ಆಗಿರ್ಬೇಕಿತ್ತು. ನೀವಲ್ಲ. ಎರಡು ವರ್ಷ ಅವಳು ಬಾಗ್ಲಲ್ಲಿ ಕೂತಿದ್ದು ನಾನು ನೋಡಿದೀನಿ. ನೀವು ನೋಡಿಲ್ಲ."

ದುಗ್ಗಮ್ಮ ಎದ್ದಳು. ಒಳಗೆ ಹೋಗಿ ಬಣ್ಣದ ಕರಟಗಳನ್ನೂ ಕುಂಚಗಳನ್ನೂ ಬುಟ್ಟಿಗೆ ಹಾಕಿಕೊಂಡು ಬಂದು, "ತಗೋತೀನಿ. ಆದ್ರೆ ಗೋಡೆ ಮುಂದೆ ಕೂತ ಮೇಲೆ ನನ್ನ ಬಾಯಿಗೆ ಯಾರೂ ಅಡ್ಡ ಬರ್ಬಾರದು" ಎಂದಳು.

ದಾರಿಯುದ್ದಕ್ಕೂ ಇಬ್ಬರೂ ಎರಡು ವರ್ಷದ ಬಾಕಿ ಜಗಳ ಮಾಡಿಕೊಂಡೇ ಬಂದರು. ಎತ್ತುಗಳು ಅಷ್ಟು ಜೋರಾಗಿ ನಡೆದದ್ದನ್ನು ಪುಟ್ಟಪ್ಪ ಹಿಂದೆಯೂ ಕಂಡಿರಲಿಲ್ಲ, ಮುಂದೆಯೂ ಕಾಣಲಿಲ್ಲ.

ಎರಡೂವರೆ ಗಂಟೆಗೆ ದುಗ್ಗಮ್ಮ ಹೊಸ್ತಿಲು ದಾಟಿದಳು. ತಟ್ಟಿಯನ್ನು ಒಳಗಿನ ಗೋಡೆಗೆ ಒರಗಿಸಿ ನಿಲ್ಲಿಸಿದ್ದರು. ಕೆಟ್ಟ ಭಾಗವನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಕೆಮ್ಮಣ್ಣು ತಿರುಗಿ ಸಾರಿಸಿ, ಅದು ಒಣಗುತ್ತಲೂ ಗೆರೆ ಶುರುಮಾಡಿದಳು. ಬೈಗುಳವೂ ಶುರುವಾಯಿತು. ಚಪ್ಪರ ಹಾಕುತ್ತಿದ್ದವರನ್ನು, ಬಾಳೆಲೆ ತಂದವರನ್ನು, ಇಣುಕಿದ ಭಾವಂದಿರನ್ನು ಒಬ್ಬೊಬ್ಬರನ್ನಾಗಿ ಹೆಸರು ಹಿಡಿದು ಬಯ್ದಳು. ಕಾಲು ಗಂಟೆಯಲ್ಲಿ ಆ ಕೋಣೆ ಕೊಡಚಾದ್ರಿಯ ನೆತ್ತಿಯಷ್ಟು ನಿರ್ಜನವಾಯಿತು. ಅವಳು ಕೂತಲ್ಲಿಂದ ಹತ್ತು ಮಾರು ದೂರದಲ್ಲಿ ಮದುವೆ ಮನೆಯ ಕೆಲಸಗಳು ಬೆಕ್ಕಿನ ಹೆಜ್ಜೆಯಲ್ಲಿ ನಡೆದವು.

ನಾಲ್ಕು ಗಂಟೆಗೆ ಬಸ್ಸು ಬಂತು. ಗುತ್ಯಮ್ಮ ಯಾರ ಮಾತಿಗೂ ಕಾಯದೆ, ಕಾಲು ತೊಳೆದು, ನೆಟ್ಟಗೆ ಆ ಕೋಣೆಗೆ ನಡೆದು, ಕಿಟಕಿಯ ಮುಂದೆ ನಿಂತರು. ಗೋಡೆಯ ಮೇಲೆ ನೆರಳು ಬಿತ್ತು.

ದುಗ್ಗಮ್ಮ ತಿರುಗಿ ನೋಡಲಿಲ್ಲ. "ಯಾರದು ಬೆಳಕಿಗೆ ಅಡ್ಡ ಎಮ್ಮೆ ಕಟ್ಟಿದೋರು?" ಎಂದಳು.

ಬಾಗಿಲಲ್ಲಿ ನಿಂತಿದ್ದ ಮೇಷ್ಟ್ರಿಗೆ ಮಗಳ ಎರಡನೆಯ ಸಂಬಂಧವೂ ಬಸ್ಸು ಹತ್ತುವುದು ಕಣ್ಣಿಗೆ ಕಂಡಿತು. "ಅಕ್ಕ, ಅವರು ಗುತ್ಯಮ್ಮನೋರು, ಹುಡುಗನ ಅಜ್ಜಿ" ಎಂದರು.

ಗುತ್ಯಮ್ಮ ಎರಡು ಹೆಜ್ಜೆ ಪಕ್ಕಕ್ಕೆ ಸರಿದು ನೆಲದ ಮೇಲೆ ಕೂತರು. "ಈಗ ಬೆಳಕು ಬಂತಾ?"

"ಬಂತು."

"ಈ ಮನೇಲಿ ಸಾರು ಒಂದೇ ಸಲ ಅಂತ ಹೇಳಿದೋಳು ನೀನೇ ಅಂತಲ್ಲ. ಆ ಮಾತು ತಾಳಗುಪ್ಪದ ತನಕ ಬಂದದೆ. ಹೌದನಾ?"

ಅಡುಗೆ ಮನೆಯಲ್ಲಿ ಒರಳು ನಿಂತಿತು. ದುಗ್ಗಮ್ಮ ಕೈಯಲ್ಲಿದ್ದ ಗೆರೆಯನ್ನು ಕೊನೆಯವರೆಗೆ ಎಳೆದು, ಕುಂಚವನ್ನು ಕರಟದ ಮೇಲಿಟ್ಟು, ಪೂರ್ತಿ ಹಿಂದಕ್ಕೆ ತಿರುಗಿ ಕೂತಳು.

"ಹೌದು, ಹೇಳಿದ್ದೆ. ಸುಳ್ಳು ಅದು. ಅವತ್ತು ಆ ಮಾತು ಬಾಯಿಗೆ ರುಚಿ ಆಯ್ತು, ಆಡ್ಬಿಟ್ಟೆ. ಹುಡುಗಿಗೆ ಎರಡು ವರ್ಷ ಹೋಯ್ತು. ತಪ್ಪು ನಂದು." ಅಲ್ಲಿಗೆ ನಿಲ್ಲಿಸಿದ್ದರೆ ಅವಳು ದುಗ್ಗಮ್ಮ ಆಗುತ್ತಿರಲಿಲ್ಲ. "ಈ ರಂಗಿ ಸಾಕು ಅಂದ್ರೂ ಬಿಡೋಳಲ್ಲ. ನಾಳೆ ನಿಮ್ಮ ಕಡೆ ನೂರು ಜನ ಬರ್ತಾರಲ್ಲ, ಈಜು ಬರ್ದೇ ಇರೋರನ್ನ ಮೊದ್ಲ ಪಂಕ್ತಿಗೆ ಕೂರಿಸ್ಬೇಡಿ."

ಇದು ಕ್ಷಮೆಯೋ ಹೊಸ ಬೈಗುಳವೋ ರಂಗಮ್ಮನಿಗೆ ತಕ್ಷಣ ತಿಳಿಯಲಿಲ್ಲ. ಗುತ್ಯಮ್ಮ ಸೆರಗು ಬಾಯಿಗಿಟ್ಟು ನಗತೊಡಗಿದರು, ನಗು ನಿಂತ ಮೇಲೆ, "ಸುಳ್ಳು ಆಡಿ ಒಪ್ಕೊಂಡೋರ ಪೈಕಿ ನೀನೇ ಮೊದ್ಲು ನಾನು ನೋಡಿದ್ದು. ಬರಿ, ಹೊತ್ತು ಹೋಗ್ತದೆ" ಎಂದರು. ಸರೋಜ ಬಾಗಿಲ ಸಂದಿಯಿಂದ ತಾಯಿಯನ್ನು ನೋಡಿದಳು. ರಂಗಮ್ಮ ಒಳಗೆ ಹೋಗಿ, ದುಗ್ಗಮ್ಮನಿಗೆಂದು ಒಂದು ಲೋಟ ಬೆಲ್ಲದ ಕಾಫಿ ತಂದು, ಕೈಗೆ ಕೊಡದೆ ಪಕ್ಕದಲ್ಲಿ ಇಟ್ಟರು. ಕ್ಷಮಿಸಿದ್ದೇನೆ, ಆದರೆ ಪೂರ್ತಿ ಅಲ್ಲ ಎಂಬುದನ್ನು ಹೇಳಲು ನಮ್ಮ ಕಡೆ ಇರುವ ವಿಧಾನ ಅದು.

ಸಂಜೆ ದೀಪ ಹಚ್ಚುವ ಹೊತ್ತಿಗೆ ಹಸೆ ಮುಗಿಯಿತು. ಮರುದಿನ ಅದರ ಮುಂದೆ ಮದುವೆಯಾಯಿತು. ಹೆಣ್ಣು ಗೊಂಬೆಯ ಕುತ್ತಿಗೆ ಈ ಸಲ ವಾಲಿರಲಿಲ್ಲ, ನೆಟ್ಟಗಿತ್ತು. ಅದರೆದುರು ಕೂತಿದ್ದ ಸರೋಜಳದೂ ಹಾಗೇ ಇತ್ತು.

ಊಟವಾದ ಮೇಲೆ ಚಪ್ಪರದಲ್ಲಿ ಎಲೆ ಅಡಿಕೆಗೆ ಕೂತಾಗ ಸೀತಾರಾಮಪ್ಪನವರು ಹಳೆಯ ಸಿದ್ಧಾಂತವನ್ನು ಎಲ್ಲರೆದುರು ವಿಸರ್ಜಿಸಿ, ಹೊಸದನ್ನು ಮಂಡಿಸಿದರು. ಕಲೆ ಮತ್ತು ಕಲಾವಿದೆಯನ್ನು ಬೇರೆ ಮಾಡಲು ಹೊರಟದ್ದೇ ತಮ್ಮ ತಪ್ಪು ಎಂದರು. ಬೆಂಕಿಯಿಲ್ಲದೆ ಬೆಲ್ಲದ ಪಾಕ ಏರುವುದುಂಟೇ ಎಂದರು. ಆ ಬೈಗುಳವೇ ಒಳಗಿನ ಬೆಂಕಿ, ಆ ಬೆಂಕಿ ಕೈಗಿಳಿದು ಗೆರೆಯಾಗುತ್ತದೆ, ಮಾತು ಒರಟಾದಷ್ಟೂ ಗೆರೆ ನಯವಾಗುತ್ತದೆ, ಇದು ಸೃಷ್ಟಿಯ ರಹಸ್ಯ ಎಂದರು. ಗೋಡೆ ಪಕ್ಷ ತಲೆದೂಗಿತು. ಬಾಯಿ ಪಕ್ಷವೂ, ಹೊಟ್ಟೆ ಭಾರವಾಗಿದ್ದರಿಂದ, ವಿರೋಧಿಸಲಿಲ್ಲ. ನಾನಂತೂ ಇದನ್ನು ಎಲ್ಲಾದರೂ ಬರೆದಿಡಬೇಕು ಎಂದುಕೊಂಡೆ.

ಮೇಷ್ಟ್ರು ದುಗ್ಗಮ್ಮನ ಕಡೆ ತಿರುಗಿ, ಭಕ್ತಿಯಿಂದ ಕೇಳಿದರು: "ಸಾರಿನ ಮಾತು ಬಿಡು ಅಕ್ಕ, ಅದು ತಪ್ಪು, ನೀನೇ ಒಪ್ಕೊಂಡೆ. ಆದ್ರೆ ಗೋಡೆ ಮುಂದೆ ಕೂತಾಗ ಆ ಬೈಗುಳ ಒಳಗಿಂದ ಹುಟ್ತದಲ್ಲ, ಅದು ನಿಂಗೆ ಹ್ಯಾಂಗೆ ಅನ್ನಿಸ್ತದೆ?"

ದುಗ್ಗಮ್ಮ ಅಡಿಕೆ ಹೋಳನ್ನು ದವಡೆಗೆ ಸರಿಸಿಕೊಂಡಳು.

"ಒಳಗಿಂದ ಎಂತದೂ ಹುಟ್ಟಲ್ಲ ತಮ್ಮ. ಬಯ್ದೇ ಇದ್ರೆ ಜನ ಬಂದು ಹಸಿ ಗೋಡೆ ಮುಟ್ತಾರೆ."